ಅರವತ್ತನಾಲ್ಕು ಮಗ್ಗ, ಏಳು ಜನ

1952ರ ಜೂನ್ ತಿಂಗಳಲ್ಲಿ ಅಹಮದಾಬಾದಿನ ಕ್ಯಾಲಿಕೋ ಮಿಲ್ಸ್ ಕಂಪನಿಯವರು ತಮ್ಮ ಜ್ಯುಬಿಲಿ ಗಿರಣಿಯ ಒಂದು ಶೆಡ್ಡಿಗೆ ಸ್ವಯಂಚಾಲಿತ ಮಗ್ಗಗಳನ್ನು ತಂದರು. ಅಲ್ಲಿದ್ದದ್ದು 224 ಮಗ್ಗ. ಹೊಕ್ಕಿನ ನೂಲು ಮುಗಿದರೆ ಮಗ್ಗ ತಾನೇ ಹೊಸ ಕಂಡಿಕೆಯನ್ನು ಎಳೆದುಕೊಳ್ಳುತ್ತಿತ್ತು, ಹಾಸಿನ ಎಳೆಯೊಂದು ಹರಿದರೆ ತಾನೇ ನಿಲ್ಲುತ್ತಿತ್ತು. ಇಂಜಿನಿಯರುಗಳು ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು, ಒಬ್ಬನಿಗೆ ಎಷ್ಟು ಮಗ್ಗ ವಹಿಸಬಹುದು ಎಂದು ಲೆಕ್ಕ ಹಾಕಿ ಕೆಲಸ ಹಂಚಿದ್ದರು. ಕಾಗದದ ಮೇಲೆ ಯಾವ ತಪ್ಪೂ ಇರಲಿಲ್ಲ.

ಆದರೆ ತಿಂಗಳುಗಳು ಕಳೆದರೂ ಬಟ್ಟೆ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಇಳಿದ ಬಟ್ಟೆಯಲ್ಲೂ ದೋಷಗಳು ಹೆಚ್ಚು. ಯಂತ್ರ ಹೊಸದು, ಕೆಲಸಗಾರರು ಅನುಭವಸ್ಥರು, ಮಾಲೀಕರು ಊರಿನಲ್ಲೇ ಆಧುನಿಕರೆಂದು ಹೆಸರಾದ ಸಾರಾಭಾಯಿ ಮನೆತನದವರು. ಹಾಗಾದರೆ ತಪ್ಪು ಎಲ್ಲಿತ್ತು?

ಈ ಪ್ರಶ್ನೆ ಇಂದಿಗೂ ನಮ್ಮ ನಡುವೆ ಇದೆ. ಪುಣೆಯ ಕಾರ್ಖಾನೆಯಲ್ಲಿರಲಿ, ಹೈದರಾಬಾದಿನ ಸಾಫ್ಟ್‌ವೇರ್ ಕಚೇರಿಯಲ್ಲಿರಲಿ, ಕೆಲಸ ಸಾಗದಿದ್ದಾಗ ಮೊದಲು ಹುಡುಕುವುದು ಮನುಷ್ಯನನ್ನು. ಯಾರು ಸರಿಯಾಗಿ ಮಾಡುತ್ತಿಲ್ಲ? ಯಾರನ್ನು ಬದಲಿಸಬೇಕು? ಅಹಮದಾಬಾದಿನ ಆ ಶೆಡ್ಡಿನಲ್ಲಿ ಸಿಕ್ಕ ಉತ್ತರ ಬೇರೆ ಥರದ್ದು. ಕೆಲಸಗಾರರ ಉತ್ಪಾದಕತೆಯ ಬಗ್ಗೆ ಜಗತ್ತಿನಲ್ಲಿ ನಡೆದ ಪ್ರಸಿದ್ಧ ಪ್ರಯೋಗಗಳಲ್ಲಿ ಅದೂ ಒಂದು. ನಮ್ಮ ದೇಶದಲ್ಲೇ ನಡೆದರೂ ನಮ್ಮಲ್ಲಿ ಅದರ ಮಾತು ಕಡಿಮೆ. ಅದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದಕ್ಕೆ, ಮುಂಬಯಿಗೆ ಹೋಗಬೇಕು.

ಕಾವಸ್ಜಿ ನಾನಾಭಾಯಿ ದಾವರ್ ಮುಂಬಯಿಯಲ್ಲಿ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದ್ದು 1854ರಲ್ಲಿ. ಮುಂದಿನ ಅರ್ಧ ಶತಮಾನದಲ್ಲಿ ಪರೇಲ್, ಲಾಲ್‌ಬಾಗ್, ವರ್ಲಿ ಕಡೆಗಳಲ್ಲಿ ಚಿಮಣಿಗಳ ಕಾಡೇ ಎದ್ದಿತು. ಯಂತ್ರಗಳು ಬಂದದ್ದು ಲಂಕಾಶೈರಿನಿಂದ, ಜನ ಬಂದದ್ದು ಕೊಂಕಣದಿಂದ, ಘಟ್ಟದ ಮೇಲಿನ ಸಾತಾರಾ ಸೀಮೆಯಿಂದ, ದೂರದ ಉತ್ತರ ಪ್ರಾಂತ್ಯಗಳಿಂದ. ಈ ಜನರನ್ನು ಕೆಲಸಕ್ಕೆ ಸೇರಿಸುವುದು ಯಾರು, ಅವರ ಮೇಲುಸ್ತುವಾರಿ ಯಾರದು? ಗಿರಣಿಯ ಮಾಲೀಕರು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಆ ಕೆಲಸವನ್ನು ಜಾಬರ್ ಎಂಬ ಮಧ್ಯಸ್ಥನಿಗೆ ಬಿಟ್ಟರು. ಜನ ಅವನನ್ನು ಮುಕಾದಮ ಎಂದೂ ಕರೆಯುತ್ತಿದ್ದರು.

ಮುಕಾದಮ ಊರಿನಿಂದ ಆಳು ತರುತ್ತಿದ್ದ, ಯಾವ ಮಗ್ಗ ಯಾರಿಗೆಂದು ನಿರ್ಧರಿಸುತ್ತಿದ್ದ, ಸಾಲ ಕೊಡಿಸುತ್ತಿದ್ದ, ಬೇಡವಾದವನನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದ. ಇದಕ್ಕೆಲ್ಲ ಪ್ರತಿಯಾಗಿ ಅವನ ಕೈ ಬೆಚ್ಚಗೆ ಮಾಡಬೇಕಿತ್ತು. ಬೆಳಿಗ್ಗೆ ಗಿರಣಿಯ ಗೇಟಿನ ಮುಂದೆ ಬದಲಿ ಕೆಲಸಗಾರರ ಗುಂಪು ಕಾಯುತ್ತಿತ್ತು. ಯಾರಾದರೂ ಗೈರುಹಾಜರಾದರೆ ಅವರ ಜಾಗಕ್ಕೆ ಆ ದಿನದ ಮಟ್ಟಿಗೆ ಇವರಲ್ಲೊಬ್ಬ. ಯಾರು ಒಳಗೆ ಹೋಗಬೇಕು ಎಂಬುದು ಮುಕಾದಮನ ಕಣ್ಸನ್ನೆಯ ಮೇಲೆ. ಇಂಥ ಜಾಗದಲ್ಲಿ ಒಳ್ಳೆಯ ನೇಕಾರನಾಗುವುದಕ್ಕಿಂತ ಮುಕಾದಮನಿಗೆ ಬೇಕಾದವನಾಗುವುದೇ ಲಾಭದ ದಾರಿ.

ಫಲಿತಾಂಶ ಲೆಕ್ಕದಲ್ಲಿ ಕಾಣುತ್ತದೆ. ಆರ್ಥಿಕ ಇತಿಹಾಸಕಾರ ಗ್ರೆಗರಿ ಕ್ಲಾರ್ಕ್ 1987ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1910ರ ಸುಮಾರಿಗೆ ಅಮೆರಿಕದ ನ್ಯೂ ಇಂಗ್ಲೆಂಡಿನ ಹತ್ತಿ ಗಿರಣಿಯಲ್ಲಿ ಒಬ್ಬ ಮಾಡುವಷ್ಟು ಕೆಲಸಕ್ಕೆ ಭಾರತದಲ್ಲಿ ಹತ್ತಿರ ಹತ್ತಿರ ಆರು ಜನ ಬೇಕಾಗುತ್ತಿದ್ದರು. ಯಂತ್ರಗಳು ಬಹುಮಟ್ಟಿಗೆ ಒಂದೇ ಥರದವು. ಆಗಿನ ಗಿರಣಿ ಮಾಲೀಕರ ಬಳಿ ಸಿದ್ಧ ಉತ್ತರವಿತ್ತು: ಈ ದೇಶದ ಕೂಲಿಯವನು ಆಲಸಿ, ಹಬ್ಬ ಬಂದರೆ ಊರಿಗೆ ಓಡುತ್ತಾನೆ, ಕೆಲಸದ ಹೊತ್ತಿನಲ್ಲಿ ಬೀಡಿ ಸೇದುತ್ತಾ ಕೂರುತ್ತಾನೆ.

ಆದರೆ ಇನ್ನೊಂದು ಕಡೆಯಿಂದ ನೋಡಿ. ಕೂಲಿ ಅಗ್ಗವಾಗಿದ್ದುದರಿಂದ ಮಾಲೀಕರು ಕಡಿಮೆ ದರ್ಜೆಯ ಹತ್ತಿ ಹಾಕಿ, ನೂಲು ಪದೇ ಪದೇ ಹರಿದರೆ ಕಟ್ಟಲು ಹೆಚ್ಚು ಕೈಗಳನ್ನು ಇಟ್ಟುಕೊಳ್ಳುತ್ತಿದ್ದರು. ಎಷ್ಟೋ ಗಿರಣಿಗಳಲ್ಲಿ ಆಡಳಿತ ನಡೆಸುತ್ತಿದ್ದ ಏಜೆಂಟರಿಗೆ ಕಮಿಷನ್ ಸಿಗುತ್ತಿದ್ದದ್ದು ಲಾಭದ ಮೇಲಲ್ಲ, ಉತ್ಪಾದನೆಯ ಅಥವಾ ಮಾರಾಟದ ಮೇಲೆ. ಖರ್ಚು ಹೆಚ್ಚಿದರೆ ಅವರಿಗೆ ನಷ್ಟವಿರಲಿಲ್ಲ. ಇನ್ನು ನೇಕಾರನ ಕಡೆಗೆ ಬನ್ನಿ. ಎರಡು ಮಗ್ಗದ ಬದಲು ಮೂರು ಮಗ್ಗ ನೋಡಿಕೊಂಡರೆ ಅವನ ಪಕ್ಕದಲ್ಲಿ ನಿಂತ, ಅವನದೇ ಊರಿನವನ ಕೆಲಸ ಹೋಗುತ್ತಿತ್ತು. ಉಳಿದ ಹಣದಲ್ಲಿ ತನಗೆಷ್ಟು ಸಿಗುತ್ತದೆ ಎಂಬ ಖಾತ್ರಿ ಇರಲಿಲ್ಲ. 1928ರಲ್ಲಿ ಮುಂಬಯಿಯ ಗಿರಣಿಗಳು ಏಪ್ರಿಲ್‌ನಿಂದ ಅಕ್ಟೋಬರಿನವರೆಗೆ ಆರು ತಿಂಗಳು ಮುಚ್ಚಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಆ ಮುಷ್ಕರದ ಹೊತ್ತಿಗೆ ‘ಆಲಸಿ’ ಎಂಬ ಮಾತು ಎಷ್ಟು ಟೊಳ್ಳು ಎಂದು ಗೊತ್ತಾಗಬೇಕಿತ್ತು. ಆರು ತಿಂಗಳು ಉಪವಾಸ ಬಿದ್ದು ಹೋರಾಡುವವರನ್ನು ಆಲಸಿಗಳೆಂದು ಹೇಗೆ ಕರೆಯುವುದು?

1929ರಲ್ಲಿ ನೇಮಕವಾದ ರಾಯಲ್ ಕಮಿಷನ್ ದೇಶವೆಲ್ಲ ಸುತ್ತಿ, 1931ರಲ್ಲಿ ವರದಿ ಕೊಟ್ಟಿತು. ನೇಮಕಾತಿಯನ್ನು ಜಾಬರ್ ಕೈಯಿಂದ ತೆಗೆದು ಲೇಬರ್ ಆಫೀಸರ್ ಎಂಬ ಬೇರೆ ಅಧಿಕಾರಿಗೆ ಕೊಡಬೇಕೆಂದು ಅದು ಹೇಳಿತು. 1930ರ ದಶಕದಲ್ಲಿ ಮುಂಬಯಿಯ ಗಿರಣಿಗಳು ಅಂಥ ಅಧಿಕಾರಿಗಳನ್ನು ನೇಮಿಸತೊಡಗಿದವು. 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಕಲಮು 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಇಂದು ನಾವು ಎಚ್‌ಆರ್ ಎಂದು ಕರೆಯುವ ವಿಭಾಗದ ಭಾರತೀಯ ಪೂರ್ವಜರು ಇವರು. ಮುಕಾದಮನ ಲಂಚದಿಂದ ಕೆಲಸಗಾರನನ್ನು ಬಿಡಿಸುವುದು ಆ ಹುದ್ದೆಯ ಹುಟ್ಟಿನ ಕಾರಣಗಳಲ್ಲೊಂದು ಎಂಬುದು ಇಂದಿನ ಎಚ್‌ಆರ್‌ನವರಿಗೂ ಗೊತ್ತಿರಲಿಕ್ಕಿಲ್ಲ.

ಈಗ ಅಹಮದಾಬಾದಿಗೆ ಮರಳೋಣ. ಆ ಊರಿನ ಕಥೆ ಮುಂಬಯಿಗಿಂತ ಭಿನ್ನ. 1918ರಲ್ಲಿ ಅಲ್ಲಿನ ಗಿರಣಿ ಕಾರ್ಮಿಕರು ಶೇ 35ರಷ್ಟು ಹೆಚ್ಚಳ ಕೇಳಿದರು, ಮಾಲೀಕರು ಶೇ 20 ಎಂದರು. ಕಾರ್ಮಿಕರ ಪರ ನಿಂತವರು ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ. ಎದುರು ಪಕ್ಷದ ಮುಂದಾಳು ಅನಸೂಯಾ ಅವರ ಸ್ವಂತ ತಮ್ಮ, ಕ್ಯಾಲಿಕೋ ಮಿಲ್ಸ್‌ನ ಅಂಬಾಲಾಲ್ ಸಾರಾಭಾಯಿ. ಗಾಂಧೀಜಿ ಉಪವಾಸ ಕೂತರು, ವಿವಾದ ಪಂಚಾಯ್ತಿಗೆ ಹೋಯಿತು, ಕೊನೆಗೆ ಶೇ 35ರ ತೀರ್ಪು ಬಂತು. 1920ರಲ್ಲಿ ಮಜೂರ್ ಮಹಾಜನ್ ಸಂಘ ಹುಟ್ಟಿತು. ಜಗಳವನ್ನು ಮಧ್ಯಸ್ಥಿಕೆಯಲ್ಲಿ ಬಗೆಹರಿಸಿಕೊಳ್ಳುವ ಪದ್ಧತಿ ಊರಿನಲ್ಲಿ ಬೇರೂರಿತು. ಅಂಬಾಲಾಲರ ಮಕ್ಕಳಲ್ಲಿ ವಿಕ್ರಮ್ ಸಾರಾಭಾಯಿ 1947ರಲ್ಲಿ ಗಿರಣಿ ಉದ್ಯಮದ ಸಂಶೋಧನೆಗೆ ಅಟಿರಾ ಸಂಸ್ಥೆ ಕಟ್ಟಲು ಮುಂದಾದರು. ಅಲ್ಲಿ ನೂಲಿನ ಜೊತೆಗೆ ಮನುಷ್ಯರ ಬಗ್ಗೆಯೂ ಸಂಶೋಧನೆ ನಡೆಯಿತು, ಅದರ ಹೊಣೆ ಕಮಲಾ ಚೌಧರಿ ಅವರದು. ವಿಕ್ರಮರ ಅಣ್ಣ ಗೌತಮ್ ಸಾರಾಭಾಯಿ ಕ್ಯಾಲಿಕೋ ಮಿಲ್ಸ್ ನಡೆಸುತ್ತಿದ್ದರು.

1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಈ ಗಿರಣಿಗೆ ಸಲಹೆಗಾರರಾಗಿ ಬಂದರು. ಅವರ ಸಹೋದ್ಯೋಗಿ ಎರಿಕ್ ಟ್ರಿಸ್ಟ್, ಹಿಂದೆ ಸ್ವತಃ ಗಣಿ ಕೆಲಸಗಾರರಾಗಿದ್ದ ಕೆನ್ ಬ್ಯಾಮ್‌ಫೋರ್ತ್ ಜೊತೆಗೂಡಿ, ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳ ಬಗ್ಗೆ 1951ರಲ್ಲಿ ಒಂದು ಲೇಖನ ಬರೆದಿದ್ದರು. ಮೊದಲು ಒಂದು ಸಣ್ಣ ತಂಡವೇ ಕಲ್ಲಿದ್ದಲು ಒಡೆಯುವುದರಿಂದ ಸಾಗಿಸುವವರೆಗೆ ಎಲ್ಲವನ್ನೂ ಮಾಡುತ್ತಿತ್ತು. ಹೊಸ ಯಂತ್ರಗಳು ಬಂದಾಗ ಕೆಲಸವನ್ನು ತುಂಡು ತುಂಡಾಗಿ ಪಾಳಿಗಳಿಗೆ ಹಂಚಲಾಯಿತು. ತಂಡ ಒಡೆಯಿತು, ಯಂತ್ರದಿಂದ ಬರಬೇಕಾದ ಲಾಭವೂ ಬರಲಿಲ್ಲ. ಈ ಅರಿವನ್ನು ತಲೆಯಲ್ಲಿಟ್ಟುಕೊಂಡೇ ರೈಸ್ ಜ್ಯುಬಿಲಿ ಗಿರಣಿಯ ಶೆಡ್ಡಿಗೆ ಕಾಲಿಟ್ಟರು.

ಅಲ್ಲಿ ಅವರು ಕಂಡದ್ದೇನು? 224 ಮಗ್ಗಗಳಿಗೆ ಸುಮಾರು ಮೂವತ್ತು ಜನ, ಹನ್ನೆರಡು ಬಗೆಯ ಕೆಲಸ. ನೇಕಾರನಿಗೆ 24 ಅಥವಾ 32 ಮಗ್ಗ. ಮಗ್ಗಕ್ಕೆ ಕಂಡಿಕೆ ತುಂಬುವವನಿಗೆ 40ರಿಂದ 50. ಒಟ್ಟಿಗೆ ಹತ್ತಾರು ಎಳೆ ಹರಿದು ಗೋಜಲಾದಾಗ ಬಿಡಿಸುವವನಿಗೆ 60ರಿಂದ 80. ರಿಪೇರಿಯ ಜಾಬರ್‌ಗೆ 112. ಎಣ್ಣೆ ಹಾಕುವವನಿಗೆ, ಗುಡಿಸುವವನಿಗೆ ಇಡೀ 224. ಒಬ್ಬೊಬ್ಬರ ಲೆಕ್ಕವೂ ಪ್ರತ್ಯೇಕವಾಗಿ ಸರಿ. ಆದರೆ ಈ ಸಂಖ್ಯೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಒಬ್ಬ ನೇಕಾರನ ಮಗ್ಗಗಳಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಂಡಿಕೆಯವನು, ಅರ್ಧಕ್ಕಿಂತ ಕಡಿಮೆ ಗೋಜಲು ಬಿಡಿಸುವವನು, ಕಾಲು ಭಾಗ ಜಾಬರ್! ನೇಕಾರನ ಸಂಬಳ ಇಳುವರಿಗೆ ಅಂಟಿಕೊಂಡಿತ್ತು, ಆದರೆ ಇಳುವರಿ ತರಲು ಬೇಕಾದ ಸಹಾಯಕರು ಇನ್ನೂ ಇಬ್ಬರು ಮೂವರು ನೇಕಾರರಿಗೂ ಉತ್ತರ ಕೊಡಬೇಕಿತ್ತು. ಎಲ್ಲ ಸರಿಯಿದ್ದ ದಿನ ಹೇಗೋ ನಡೆಯುತ್ತಿತ್ತು. ಗಾಳಿಯಲ್ಲಿ ತೇವ ಕಡಿಮೆಯಾಗಿ, ಇಲ್ಲವೇ ನೂಲಿನ ಗುಣ ಕೆಟ್ಟು ಎಳೆಗಳು ಹರಿಯತೊಡಗಿದ ದಿನ ಎಲ್ಲರಿಗೂ ಏಕಕಾಲದಲ್ಲಿ ಎಲ್ಲರೂ ಬೇಕು. ಆಗ ಯಾರು ಮೊದಲು, ಯಾರು ನಂತರ ಎಂದು ತೀರ್ಮಾನಿಸುವವರು ಯಾರೂ ಇಲ್ಲ. ಮೇಲ್ವಿಚಾರಕ ಓಡಾಡುತ್ತಾನೆ, ಕೂಗಾಡುತ್ತಾನೆ, ಮಗ್ಗಗಳು ನಿಂತಿರುತ್ತವೆ.

ಬಟ್ಟೆಗೆ ಹಾಸೂ ಬೇಕು, ಹೊಕ್ಕೂ ಬೇಕು. ಇಂಜಿನಿಯರುಗಳ ಲೆಕ್ಕದಲ್ಲಿ ಬರೀ ಹಾಸಿತ್ತು. ಒಬ್ಬೊಬ್ಬನದೂ ಬಿಡಿ ಎಳೆ, ಅಡ್ಡಲಾಗಿ ಹಾಯ್ದು ಅವರನ್ನು ಹೆಣೆಯುವ ಎಳೆ ಇರಲಿಲ್ಲ.

ರೈಸ್ ಸೂಚಿಸಿದ್ದು ಸರಳ. 64 ಮಗ್ಗಗಳ ಒಂದು ಗುಂಪು, ಅದಕ್ಕೆ ಏಳು ಜನರ ಒಂದು ತಂಡ. ನೇಯುವುದು, ಕಂಡಿಕೆ ತುಂಬುವುದು, ಸಣ್ಣ ರಿಪೇರಿ ಎಲ್ಲವೂ ತಂಡದ ಹೊಣೆ. ಒಳಗೆ ಯಾರು ಏನು ಮಾಡಬೇಕೆಂದು ಅವರೇ ಹೊಂದಿಸಿಕೊಳ್ಳಲಿ. ಹನ್ನೆರಡು ಬಗೆಯ ಹುದ್ದೆಗಳ ಬದಲು ಕೆಲವೇ ದರ್ಜೆಗಳು, ಇಳುವರಿಯ ಬೋನಸ್ ಇಡೀ ತಂಡಕ್ಕೆ. ಈ ವಿಚಾರವನ್ನು ಆಡಳಿತದವರೊಂದಿಗೆ ಚರ್ಚಿಸಿದ ಕೂಡಲೇ ನಡೆದದ್ದು ರೈಸ್ ಅವರೇ ನಿರೀಕ್ಷಿಸದ ಸಂಗತಿ. ಸುದ್ದಿ ಶೆಡ್ಡಿಗೆ ಮುಟ್ಟಿದ್ದೇ ತಡ, ಮೇಲ್ವಿಚಾರಕರೂ ಕೆಲಸಗಾರರೂ ಸೇರಿ ಅದನ್ನು ತಮ್ಮದಾಗಿ ಮಾಡಿಕೊಂಡರು. ಯಾರ ಜೊತೆ ಯಾರಿರಬೇಕೆಂದು ತಾವೇ ಮಾತಾಡಿಕೊಂಡು ತಂಡಗಳನ್ನು ಕಟ್ಟಿಕೊಂಡರು. ಲಂಡನ್ನಿನ ತಜ್ಞರು ಬಿಡಿಸಿ ಹೇಳುವ ಮೊದಲೇ ಅವರಿಗೆ ವಿಷಯ ಅರ್ಥವಾಗಿತ್ತು. ಯಾಕೆಂದರೆ ಆ ತೊಡಕನ್ನು ದಿನವೂ ಅನುಭವಿಸುತ್ತಿದ್ದವರು ಅವರೇ.

ಆರಂಭದಲ್ಲಿ ಏರಿಳಿತಗಳಾದವು. ಇಳುವರಿಯ ಉತ್ಸಾಹದಲ್ಲಿ ಗುಣಮಟ್ಟದ ಮೇಲಿನ ಗಮನ ತಪ್ಪಿದ್ದೂ ಉಂಟು. ಆಮೇಲೆ ವ್ಯವಸ್ಥೆ ನೆಲೆಗೊಂಡಿತು. ಮಗ್ಗಗಳ ದಕ್ಷತೆ ಸುಮಾರು ಶೇ 80 ಇದ್ದದ್ದು ಶೇ 95ರ ಆಸುಪಾಸಿಗೆ ಏರಿತು. ದೋಷವಿರುವ ಬಟ್ಟೆ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಇದ್ದದ್ದು ಐದನೇ ಒಂದು ಪಾಲಿಗೆ ಇಳಿಯಿತು. ಇಡೀ ಶೆಡ್ಡು, ಬಳಿಕ ಸ್ವಯಂಚಾಲಿತವಲ್ಲದ ಮಗ್ಗಗಳ ಕೆಲವು ಶೆಡ್ಡುಗಳೂ ತಂಡದ ಪದ್ಧತಿಗೆ ಬಂದವು. ರೈಸ್ 1958ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ‘ಅಹಮದಾಬಾದ್ ಪ್ರಯೋಗ’ ಎಂಬ ಹೆಸರು ಜಗತ್ತಿನ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಸೇರಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ. ಆದರೆ ಸಂದೇಹಗಳನ್ನೂ ಹೇಳಬೇಕು. ನಂತರ ಬಂದ ವಿಮರ್ಶಕರು ಕೇಳಿದ್ದು ಹೀಗೆ: ಹೊಸ ಪದ್ಧತಿಯೊಂದಿಗೆ ಗಳಿಕೆಯೂ ಹೆಚ್ಚಿತಲ್ಲ? ಇಳುವರಿ ಏರಿದ್ದು ತಂಡದ ಬಲದಿಂದಲೋ, ಹಣದ ಆಸೆಯಿಂದಲೋ? ನ್ಯಾಯವಾದ ಪ್ರಶ್ನೆಯೇ. ಒಂದೇ ಸಲ ಎರಡನ್ನೂ ಬದಲಿಸಿದರೆ ಯಾವುದರ ಪಾಲು ಎಷ್ಟೆಂದು ಬೇರ್ಪಡಿಸಲಾಗದು. ನನಗನ್ನಿಸುವುದು, ಶೆಡ್ಡಿನಲ್ಲಿದ್ದ ಕೆಲಸಗಾರನಿಗೆ ಇವೆರಡೂ ಬೇರೆ ಬೇರೆಯಾಗಿ ಕಂಡಿರಲಾರವು. ಮಾತಿಗೆ ಬೆಲೆ ಇರುವ ಜಾಗದಲ್ಲೇ ಹೆಚ್ಚಿದ ದುಡಿಮೆಗೂ ಬೆಲೆ ಸಿಗುತ್ತದೆಂದು ಅವನು ನಂಬಿರಬೇಕು.

ಎರಡನೆಯ ಸಂಗತಿ ಇನ್ನೂ ಮುಖ್ಯ. ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಅದೇ ಗಿರಣಿಗೆ ಮರಳಿ ಬಂದು ನೋಡಿದರು, 1975ರಲ್ಲಿ ವರದಿ ಪ್ರಕಟಿಸಿದರು. ಒಂದು ಶೆಡ್ಡಿನಲ್ಲಿ ತಂಡದ ಪದ್ಧತಿ ಹದಿನೇಳು ವರ್ಷಗಳ ನಂತರವೂ ಬಹುಮಟ್ಟಿಗೆ ಉಳಿದಿತ್ತು. ಉಳಿದೆಡೆ ಅದು ಸವೆದಿತ್ತು. ಯಾರೂ ಆಜ್ಞೆ ಹೊರಡಿಸಿ ರದ್ದು ಮಾಡಿದ್ದಲ್ಲ. ಮಾರುಕಟ್ಟೆ ಬದಲಾಗಿ ಬಟ್ಟೆಯ ಬಗೆಗಳು ಬದಲಾದವು, ಮೇಲಿನವರು ಬದಲಾದರು, ಒತ್ತಡ ಬಂದಾಗಲೆಲ್ಲ ಮೇಲ್ವಿಚಾರಕರು ತಂಡದ ಒಳಗೆ ಕೈಹಾಕತೊಡಗಿದರು. ಒಮ್ಮೆ ಒಬ್ಬನನ್ನು ಎಳೆದು ಬೇರೆ ಕಡೆ ನಿಲ್ಲಿಸಿದರು, ಇನ್ನೊಮ್ಮೆ ಇನ್ನೊಬ್ಬನನ್ನು. ಹೀಗೆ ಒಂದೊಂದೇ ಎಳೆ ಸಡಿಲವಾಗಿ ಹಳೆಯ ಪದ್ಧತಿ ವಾಪಸಾಯಿತು. ಮುಂದೆ 1990ರ ದಶಕದಲ್ಲಿ ಕ್ಯಾಲಿಕೋ ಮಿಲ್ಸ್ ಗಿರಣಿಯೇ ಮುಚ್ಚಿತು.

ಇದೇ ಕಥೆ ಅರ್ಧ ಶತಮಾನದ ನಂತರ ಮುಂಬಯಿಯ ಉತ್ತರಕ್ಕೆ ಇನ್ನೊಂದು ರೂಪದಲ್ಲಿ ನಡೆಯಿತು. ತಾರಾಪುರ, ಉಂಬರ್‌ಗಾಂವ್ ಕಡೆಯ 17 ಜವಳಿ ಕಂಪನಿಗಳ 28 ಘಟಕಗಳಲ್ಲಿ ನಿಕೋಲಸ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು 2008ರಿಂದ ಪ್ರಯೋಗ ನಡೆಸಿದರು. ಈ ಸಲ ಚೀಟಿ ಎತ್ತಿದಂತೆ ಕೆಲವು ಘಟಕಗಳನ್ನು ಆರಿಸಿ, ಅವಕ್ಕೆ ತಿಂಗಳುಗಟ್ಟಲೆ ಉಚಿತ ಸಲಹೆ ಕೊಟ್ಟು, ಉಳಿದವುಗಳೊಂದಿಗೆ ಹೋಲಿಸಿದರು. ಸಲಹೆಗಳಲ್ಲಿ ಯಾವ ಮಂತ್ರವೂ ಇರಲಿಲ್ಲ. ಯಂತ್ರ ಕೆಡುವ ಮೊದಲೇ ದುರಸ್ತಿ ಮಾಡಿ. ದೋಷ ಎಲ್ಲಿ ಬಂತೆಂದು ದಿನವೂ ಬರೆದಿಡಿ. ನೂಲಿನ ದಾಸ್ತಾನು ಗುರುತಿಸಿಡಿ. ಯಾರ ಹೊಣೆ ಏನೆಂದು ಸ್ಪಷ್ಟಪಡಿಸಿ. ಒಳ್ಳೆಯ ಕೆಲಸಕ್ಕೆ ಪ್ರೋತ್ಸಾಹಧನ ಕೊಡಿ. ಇಂಥ 38 ಪದ್ಧತಿಗಳು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17 ಏರಿತು. ಕೆಲಸಗಾರರು ಅವರೇ, ಯಂತ್ರಗಳೂ ಅವೇ. ವರ್ಷಗಳ ನಂತರ ಅದೇ ಸಂಶೋಧಕರು ಮತ್ತೆ ಹೋಗಿ ನೋಡಿದಾಗ ಅಳವಡಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಘಟಕದ ಮ್ಯಾನೇಜರ್ ಬದಲಾದಲ್ಲಿ ಅವು ಬಿಟ್ಟುಹೋಗುವುದು ಹೆಚ್ಚು. ಆದರೂ ಸಲಹೆ ಪಡೆದವರು ಪಡೆಯದವರಿಗಿಂತ ಮುಂದೆಯೇ ಇದ್ದರು. ಮಿಲ್ಲರ್ ಅಹಮದಾಬಾದಿನಲ್ಲಿ ಕಂಡದ್ದನ್ನು ಇವರು ಅಂಕಿಗಳಲ್ಲಿ ಕಂಡರು.

ಇನ್ನು ನಮ್ಮ ಬೆಂಗಳೂರು. ಹೊಸೂರು ರಸ್ತೆ, ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಕಳೆದ ದಶಕದಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಷಧಂ ಎಂಬ ಅರ್ಥಶಾಸ್ತ್ರಜ್ಞರು ಇಲ್ಲಿನ ಐದು ಕಾರ್ಖಾನೆಗಳಲ್ಲಿ ಒಂದು ತರಬೇತಿಯ ಪರಿಣಾಮವನ್ನು ಅಳೆದರು. ಮಾತಾಡುವುದು, ಸಮಯ ಹೊಂದಿಸುವುದು, ಹಣ ನಿಭಾಯಿಸುವುದು, ಜೊತೆಯವರ ಸಹಾಯ ಕೇಳುವುದು, ಇಂಥವೇ ಅದರ ಪಾಠಗಳು. ಹೊಲಿಗೆಯ ಪಾಠ ಅದರಲ್ಲಿ ಮುಖ್ಯವಲ್ಲ. ಸೀಟಿಗಿಂತ ಹೆಚ್ಚು ಜನ ಬಂದಾಗ ಲಾಟರಿಯಲ್ಲಿ ಆರಿಸಲಾಯಿತು. ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ 10ಕ್ಕೂ ಮಿಕ್ಕಿ ಹೆಚ್ಚಿತು, ಕಂಪನಿಗೆ ಹಾಕಿದ ಹಣದ ಎರಡು ಪಟ್ಟಿಗೂ ಹೆಚ್ಚು ಲಾಭ ಬಂತು. ಕೂಲಿ ಎಷ್ಟು ಏರಿತು? ಶೇ 1ಕ್ಕಿಂತ ಕಡಿಮೆ.

ಈ ಕೊನೆಯ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ಒಳ್ಳೆಯ ಆಡಳಿತ ಪದ್ಧತಿಯಿಂದ ಉತ್ಪಾದಕತೆ ಏರುತ್ತದೆ ಎಂಬುದಕ್ಕೆ ಈಗ ಪುರಾವೆಗಳಿಗೆ ಕೊರತೆಯಿಲ್ಲ. ಏರಿದ್ದು ಯಾರ ಮನೆಗೆ ಹೋಗುತ್ತದೆ ಎಂಬುದು ಬೇರೆಯದೇ ಪ್ರಶ್ನೆ. 1928ರಲ್ಲಿ ಮುಂಬಯಿಯ ನೇಕಾರ ಮೂರನೇ ಮಗ್ಗ ಒಲ್ಲೆ ಎಂದದ್ದು ಈ ಪ್ರಶ್ನೆಗೆ ಉತ್ತರ ಸಿಗದೆ. 1953ರಲ್ಲಿ ಅಹಮದಾಬಾದಿನ ಏಳು ಜನ ಮುಂದೆ ಬಂದದ್ದು, ಅಲ್ಲಿ ಮೂವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಕೇಳಿ ಉತ್ತರ ಪಡೆಯುವ ಒಂದು ವ್ಯವಸ್ಥೆ ಇದ್ದುದರಿಂದಲೂ ಹೌದು.

ಉತ್ತರ ಸಿಗದಿದ್ದರೆ ಏನಾಗುತ್ತದೆಂಬುದನ್ನೂ ಬೆಂಗಳೂರು ನೋಡಿದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವ ಮೊದಲು ತೆಗೆಯಲಾಗದಂತೆ ಮಾಡಿತು. ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮಗಳ ಮದುವೆ, ಮಗನ ಫೀಸು, ಊರಿನ ಸಾಲ. ಏಪ್ರಿಲ್ 18ರಂದು ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಯಂತ್ರ ಬಿಟ್ಟು ರಸ್ತೆಗಿಳಿದರು, ಹೆದ್ದಾರಿಗಳು ನಿಂತವು. ಮರುದಿನವೇ ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು. ಸಹಾಯ ಕೇಳುವುದನ್ನು, ಮಾತಾಡುವುದನ್ನು ತರಬೇತಿಯಲ್ಲಿ ಕಲಿಸಬೇಕಾಗಿದ್ದ ಹೆಣ್ಣುಮಕ್ಕಳು ಅಂದು ದೆಹಲಿಗೆ ಕೇಳಿಸುವಂತೆ ಮಾತಾಡಿದರು.

ನಿಮ್ಮಲ್ಲಿ ಕೆಲವರು ತಂಡ ನಡೆಸುವವರಿರಬಹುದು, ಕೆಲವರು ತಂಡದಲ್ಲಿ ದುಡಿಯುವವರು. ಮುಂದಿನ ಸಲ ಕೆಲಸ ಸಾಗದೆ ಯಾರ ತಪ್ಪು ಎಂಬ ಮಾತು ಬಂದಾಗ ಆ 224 ಮಗ್ಗಗಳ ಶೆಡ್ಡನ್ನು ನೆನೆಸಿಕೊಳ್ಳಿ. ಅಲ್ಲಿ ಯಾರನ್ನೂ ಬದಲಿಸಲಿಲ್ಲ. ಯಾರು ಯಾರ ಜೊತೆ ನಿಂತು ದುಡಿಯುತ್ತಾರೆ, ಯಾರ ಮಾತು ನಡೆಯುತ್ತದೆ, ದುಡಿದದ್ದರಲ್ಲಿ ಯಾರಿಗೆಷ್ಟು ಎಂಬ ಮೂರನ್ನು ಬದಲಿಸಿದರು. ಮೂರನ್ನೂ ಕಾಯ್ದುಕೊಂಡ ಶೆಡ್ಡಿನಲ್ಲಿ ಅದು ಹದಿನೇಳು ವರ್ಷ ಉಳಿಯಿತು.